ವೀಲ್ ಡಾಲಿ: ಬಿಚ್ಚಿಟ್ಟ ಗಾಡಿಗಳ ನಡುವೆ ದಾರಿ ಬಿಡಿಸುವ ಚಕ್ರದ ತಟ್ಟೆ

ಇಂಜಿನ್ ಇಳಿಸಿದ ಒಂದು ಕಾರು, ಬ್ರೇಕ್ ಕಳಚಿದ ಇನ್ನೊಂದು ಕಾರು, ಕಾರ್ಬ್ಯುರೇಟರ್ ಇಲ್ಲದ ಎರಡು ಬೈಕು. ಇಷ್ಟೂ ಒಂದೇ ಶೆಡ್ಡಿನಲ್ಲಿ ನಿಂತಿದ್ದರೆ ಕೆಲಸ ನಿಲ್ಲುವುದು ಹೆಚ್ಚಾಗಿ ಜಾಗದ ದೆಸೆಯಿಂದ. ಬೇಕಾದ ಭಾಗ ಕೈಗೆ ಸಿಗುವ ಹೊತ್ತಿಗೆ ಆ ಗಾಡಿ ಹಿಂದಿನ ಮೂಲೆಯಲ್ಲಿರುತ್ತದೆ, ಅದರ ಮುಂದೆ ಅಲುಗಾಡದ ಇನ್ನೊಂದು. ಚಕ್ರದ ಕೆಳಗೆ ಕೂರಿಸಿ ಗಾಡಿಯನ್ನೇ ಎತ್ತ ಬೇಕಾದರೂ ತಳ್ಳಲು ಬಿಡುವ ವೀಲ್ ಡಾಲಿ ಕೊಳ್ಳುವವರು ಬಯಸುವುದು ಇದಕ್ಕೊಂದು ಪರಿಹಾರ. ಕೊಡುತ್ತದೆ, ಆದರೆ ನೆಲ ಸರಿಯಿದ್ದರೆ ಮತ್ತು ಸರಿಯಾದ ಬಗೆಯನ್ನು ಆರಿಸಿದ್ದರೆ ಮಾತ್ರ.

ಬಗೆ ಎರಡು. ಮೊದಲನೆಯದು ತಟ್ಟೆ ಡಾಲಿ: ನಡುವೆ ತಗ್ಗಿರುವ ಉಕ್ಕಿನ ಹಲಗೆ, ನಾಲ್ಕು ಮೂಲೆಗೆ ನಾಲ್ಕು ಕ್ಯಾಸ್ಟರ್, ಅಂದರೆ ಎಲ್ಲ ದಿಕ್ಕಿಗೂ ತಿರುಗುವ ಪುಟ್ಟ ಗಾಲಿ. ಕಾರನ್ನು ಜ್ಯಾಕಿನಿಂದ ಎತ್ತಿ ಚಕ್ರವನ್ನು ಇದರ ಮೇಲೆ ಇಳಿಸಬೇಕು. ಎರಡನೆಯದು ಪೆಡಲ್ ಡಾಲಿ: ಟೈರಿನ ಹಿಂದೆ ಮುಂದೆ ಎರಡು ರೋಲರ್ ಕೂರುತ್ತವೆ. ಪೆಡಲ್ ತುಳಿದಂತೆ ರೋಲರುಗಳು ಹತ್ತಿರ ಬಂದು ಟೈರನ್ನು ಹಿಂಡಿ ಮೇಲೆತ್ತುತ್ತವೆ. ಜ್ಯಾಕ್ ಬೇಕಿಲ್ಲ.

ತಟ್ಟೆ ಡಾಲಿ ಅಗ್ಗ, ಕೆಡುವ ಭಾಗ ಕಡಿಮೆ, ತಿಂಗಳುಗಟ್ಟಲೆ ಗಾಡಿ ಹೊತ್ತು ನಿಲ್ಲುತ್ತದೆ. ತೊಂದರೆಯೆಲ್ಲ ಹತ್ತಿಸುವಾಗ. ಜ್ಯಾಕನ್ನು ಬಾಡಿಯ ಅಂಚಿಗೆ ಕೊಟ್ಟರೆ ಬಾಡಿ ಏರುತ್ತದೆ, ಸಸ್ಪೆನ್ಷನ್ ಜೋತು ಚಕ್ರ ಮಾತ್ರ ನೆಲದಲ್ಲೇ ಉಳಿಯುತ್ತದೆ. ಡಾಲಿ ತೂರಲು ಬೇಕಾದ ಎತ್ತರ ಸಿಗುವಷ್ಟರಲ್ಲಿ ಕಾರಿನ ಜೊತೆಗೆ ಬರುವ ಸಣ್ಣ ಜ್ಯಾಕಿನ ಉದ್ದವೇ ಮುಗಿದಿರುತ್ತದೆ. ಗಾಲಿಯ ಮೇಲೆ ಉರುಳುವ ದೊಡ್ಡ ಟ್ರಾಲಿ ಜ್ಯಾಕ್ ಇರಲಿ. ಗಾಡಿಯ ಕೈಪಿಡಿ ಒಪ್ಪುವುದಾದರೆ ಹಿಂದಿನ ಆ್ಯಕ್ಸಲಿಗೇ ಕೊಟ್ಟು ಎತ್ತಿ, ಅರ್ಧ ಶ್ರಮ ಉಳಿಯುತ್ತದೆ.

ಹತ್ತಿಸುವ ಕ್ರಮದಲ್ಲಿ ಒಂದೇ ಒಂದು ಅಪಾಯ ಎಲ್ಲರನ್ನೂ ಹಿಡಿಯುತ್ತದೆ. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು ಹಿಂಭಾಗ ಎತ್ತಿ ಎರಡು ಡಾಲಿ ಕೂರಿಸುತ್ತೀರಿ, ಸರಿ. ಈಗ ಮುಂಭಾಗ ಎತ್ತಲು ಹೋದರೆ ಹಿಂದಿನ ಚಕ್ರ ನೆಲದ ಮೇಲಿಲ್ಲ, ಕ್ಯಾಸ್ಟರುಗಳ ಮೇಲಿದೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಕಾರು ಜಾರಿ ಜ್ಯಾಕಿನಿಂದ ಕಳಚಿಕೊಳ್ಳುತ್ತದೆ. ಆದ್ದರಿಂದ ಮುಂಭಾಗಕ್ಕೆ ಜ್ಯಾಕ್ ಹಾಕುವ ಮೊದಲು ಹಿಂದಿನ ಡಾಲಿಗಳ ಕ್ಯಾಸ್ಟರ್ ಬ್ರೇಕ್ ಒತ್ತಿ, ಜೊತೆಗೆ ಮರದ ಅಡೆಯನ್ನೂ ಕೊಡಿ. ಕ್ಯಾಸ್ಟರಿಗೆ ಬ್ರೇಕೇ ಇಲ್ಲದ ಸೆಟ್ಟುಗಳು ಬೇಕಾದಷ್ಟಿವೆ. ಅವನ್ನು ನೋಡಿದಲ್ಲೇ ಬಿಟ್ಟುಬಿಡುವುದು ಲೇಸು.

ತೂಕದ ಲೆಕ್ಕದಲ್ಲೂ ಮೋಸ ಹೋಗುವುದು ಸುಲಭ. ಡಬ್ಬಿಯ ಮೇಲೆ ನಾಲ್ಕೂ ಡಾಲಿಗಳ ಒಟ್ಟು ಸಾಮರ್ಥ್ಯವನ್ನು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. 1,200 ಕೆ.ಜಿ. ಕಾರಿನ ತೂಕ ಮುಂದೆ 60, ಹಿಂದೆ 40ರ ಪಾಲಿನಲ್ಲಿದ್ದರೆ ಮುಂದಿನ ಒಂದೊಂದು ಚಕ್ರದ ಮೇಲೆ 360 ಕೆ.ಜಿ. ಬೀಳುತ್ತದೆ. ನೆಲ ಒಂದು ಕಡೆ ತಗ್ಗಿದ್ದರೆ ಎದುರುಬದುರು ಮೂಲೆಯ ಎರಡು ಡಾಲಿಗಳೇ ಹೆಚ್ಚಿನ ಭಾರ ಹೊರುತ್ತವೆ. ಹಾಗಾಗಿ ಒಂದೊಂದು ಡಾಲಿಯೂ ಗಾಡಿಯ ಅರ್ಧ ತೂಕ ತಡೆಯುವಂತಿರಲಿ. ಈ ಕಾರಿಗೆ ಅದು 600 ಕೆ.ಜಿ. ಸಾಮಾನ್ಯವಾಗಿ ಸಿಗುವ 680 ಕೆ.ಜಿ. ಮಾದರಿ ಸಾಕಾಗುತ್ತದೆ, ದೊಡ್ಡ ಎಸ್‌ಯುವಿಗೆ ಸಾಲದು.

ಡಾಲಿಯ ಗುಣವೆಲ್ಲ ಕ್ಯಾಸ್ಟರಿನಲ್ಲಿದೆ. ಉಕ್ಕಿನ ಗಾಲಿ ಭಾರ ತಡೆಯುತ್ತದೆ, ಆದರೆ ನೆಲ ಗೀರುತ್ತದೆ. ಅಗ್ಗದ ಪ್ಲಾಸ್ಟಿಕ್ ಗಾಲಿ ಒಂದೇ ಕಡೆ ನಿಂತು ಚಪ್ಪಟೆಯಾಗುತ್ತದೆ. ಪಾಲಿಯುರೆಥೇನ್ ಸುತ್ತಿದ ಗಾಲಿ ಒಳ್ಳೆಯದು. ವ್ಯಾಸ ದೊಡ್ಡದಾದಷ್ಟೂ ವಾಸಿ: ಎರಡು ಇಂಚಿನ ಗಾಲಿಯ ಮುಂದೆ 8 ಮಿ.ಮೀ. ಬೋಲ್ಟಿನ ಒಂದು ವಾಷರ್ ಬಿದ್ದಿದ್ದರೂ ಸಾಕು, ಇಡೀ ಕಾರು ಗಕ್ಕನೆ ನಿಲ್ಲುತ್ತದೆ. ತಳ್ಳುವ ಮುನ್ನ ನೆಲ ಗುಡಿಸುವುದು ಶಿಸ್ತಿನ ಮಾತಲ್ಲ, ಅನಿವಾರ್ಯ. ಇನ್ನೊಂದು ಸಂಗತಿ: ಹದಿನಾರು ಗಾಲಿಗಳೂ ಒಂದೊಂದು ದಿಕ್ಕಿಗೆ ಮುಖ ಮಾಡಿರುವಾಗ ಮೊದಲ ನೂಕಿಗೆ ಕಾರು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಕಾಲಿನಿಂದ ಒಂದೊಂದನ್ನೂ ಹೋಗಬೇಕಾದ ದಿಕ್ಕಿಗೆ ತಿರುಗಿಸಿ ಆಮೇಲೆ ತಳ್ಳಿ. ಫೆಂಡರಿಗೆ ಕೈ ಕೊಟ್ಟರೆ ತಗಡು ನೆಗ್ಗುತ್ತದೆ. ಟೈರಿಗೋ ಡಾಲಿಗೋ ಕೊಡಿ. ಕ್ಯಾಸ್ಟರನ್ನು ರಿವೆಟ್ ಹೊಡೆದು ಕೂರಿಸಿರುವ ಮಾದರಿ ಬೇಡ, ಬೋಲ್ಟ್ ಹಾಕಿರುವುದಾದರೆ ಸವೆದ ಗಾಲಿಯನ್ನು ಬದಲಿಸಬಹುದು.

ಪೆಡಲ್ ಡಾಲಿಯ ಸುಖ ಬೇರೆ. ಒಬ್ಬರೇ ಎರಡು ನಿಮಿಷದಲ್ಲಿ ಒಂದು ಚಕ್ರ ಎತ್ತಬಹುದು. ಎತ್ತುವುದು ನೆಲದಿಂದ ಒಂದೆರಡು ಇಂಚು ಮಾತ್ರ, ಹಾಗಾಗಿ ಕಾರು ಓಲಾಡುವುದಿಲ್ಲ. ನಾಲ್ಕು ಕೊಳ್ಳಲೇಬೇಕೆಂದೂ ಇಲ್ಲ. ಹಿಂದಿನ ಎರಡು ಚಕ್ರಕ್ಕೆ ಎರಡಿದ್ದರೆ ಕಾರಿನ ಬಾಲವನ್ನು ಪಕ್ಕದ ಗೋಡೆಯವರೆಗೆ ಸರಿಸಬಹುದು, ಅಷ್ಟರಲ್ಲಿ ಹಿಂದಿನ ಗಾಡಿಗೆ ದಾರಿ ಬಿಡುತ್ತದೆ. ಸಣ್ಣ ಶೆಡ್ಡಿಗೆ ನನ್ನ ಓಟು ಇದಕ್ಕೇ.

ಆದರೆ ಇದಕ್ಕೂ ಹಠಗಳಿವೆ. ಟೈರಿನಲ್ಲಿ ಗಾಳಿ ಇಲ್ಲದಿದ್ದರೆ ರೋಲರುಗಳು ರಬ್ಬರಿನೊಳಗೆ ಹೂತುಹೋಗುತ್ತವೆ, ಚಕ್ರ ಏಳುವುದೇ ಇಲ್ಲ. ಮೊದಲು ಗಾಳಿ ತುಂಬಿ. ಟೈರಿನ ಅಗಲ ರೋಲರಿನ ಉದ್ದಕ್ಕಿಂತ ಕಡಿಮೆಯಿರಬೇಕು, ಕೊಳ್ಳುವ ಮೊದಲೇ ಅಳೆಯಿರಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಮಾದರಿ ಇದ್ದರೆ ಪೆಡಲ್ ಸಂದಿಯೊಳಗೆ ಸಿಕ್ಕಿಹಾಕಿಕೊಳ್ಳದು. ಹೈಡ್ರಾಲಿಕ್ ಮಾದರಿಯ ಸೀಲ್ ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಒತ್ತಡ ಬಿಡಬಹುದು. ಲಾಕ್ ಪಿನ್ ಹಾಕದೆ ಹೋದರೆ ಬೆಳಗಾಗುವಷ್ಟರಲ್ಲಿ ಚಕ್ರ ನೆಲ ಮುಟ್ಟಿರುತ್ತದೆ. ರೋಲರ್ ನಡುವೆ ತಿಂಗಳುಗಟ್ಟಲೆ ಹಿಂಡಿಟ್ಟರೆ ಟೈರಿನಲ್ಲಿ ಎರಡು ಕಡೆ ತಗ್ಗು ಬೀಳುತ್ತದೆ. ಸರಿಸಲು ಪೆಡಲ್, ನಿಲ್ಲಿಸಲು ತಟ್ಟೆ ಅಂದುಕೊಳ್ಳಿ.

ಡಾಲಿ ತನ್ನ ಬೆಲೆಯನ್ನು ಒಂದೇ ಸಲಕ್ಕೆ ತೀರಿಸುವ ಸಂದರ್ಭವೊಂದಿದೆ. ಮುಂದಿನ ಚಕ್ರದಿಂದ ಓಡುವ ಎಷ್ಟೋ ಕಾರುಗಳಲ್ಲಿ ಚಕ್ರದ ನಡುವಿನ ಹಬ್ ಬೇರಿಂಗನ್ನು ಬಿಗಿಯಾಗಿ ಹಿಡಿದಿರುವುದು ಗೇರ್ ಬಾಕ್ಸಿನಿಂದ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಹೊರ ತುದಿ ಮತ್ತು ಅದರ ದೊಡ್ಡ ನಟ್ಟು. ಗೇರ್ ಬಾಕ್ಸ್ ಇಳಿಸಲೆಂದು ಶಾಫ್ಟ್ ತೆಗೆದು, ಚಕ್ರ ಹಾಕಿ, ಕಾರನ್ನು ಹಾಗೇ ತಳ್ಳಿದರೆ ಬೇರಿಂಗ್ ಹಾಳಾಗುತ್ತದೆ. ಡಾಲಿಯ ಮೇಲೆ ಚಕ್ರ ತಿರುಗುವುದಿಲ್ಲ. ಆದರೂ ಕಾರಿನ ಭಾರ ಆ ಬೇರಿಂಗಿನ ಮೇಲೆಯೇ ಬೀಳುತ್ತದೆ, ಆದ್ದರಿಂದ ಹಳೆಯ ಶಾಫ್ಟಿನ ಹೊರ ತುದಿಯನ್ನು ಹಬ್ಬಿಗೆ ತೂರಿಸಿ ನಟ್ಟು ಬಿಗಿದಿಡುವುದು ಇನ್ನೂ ಭದ್ರ. ಡ್ರಮ್ ಬ್ರೇಕ್ ಕಚ್ಚಿಕೊಂಡು ಅಲುಗಾಡದ ಗಾಡಿಗೂ ಡಾಲಿಯೇ ಮದ್ದು. ಇಂಜಿನ್ ಇಳಿಸಿದ ಕಾರಿನ ಮುಂಭಾಗ ಹಗುರಾಗಿ ತೂಕ ಹಿಂದಕ್ಕೆ ಹೋಗಿರುತ್ತದೆ, ಒಳ್ಳೆಯ ಡಾಲಿಗಳನ್ನು ಹಿಂದಕ್ಕೆ ಹಾಕಿ. ಡಾಲಿಯ ಮೇಲಿರುವ ಗಾಡಿಯ ಕೆಳಗೆ ಮಾತ್ರ ತಲೆ ಹಾಕಬೇಡಿ. ಅದಕ್ಕೆ ಜ್ಯಾಕ್ ಸ್ಟ್ಯಾಂಡ್ ಇದೆ.

ಬೈಕಿನ ಡಾಲಿ ಬಗ್ಗೆ ಅಷ್ಟು ಉತ್ಸಾಹವಿಲ್ಲ. ಉದ್ದನೆಯ ಕಂಬಿಯ ಮೇಲೆ ಎರಡು ಚಕ್ರ, ಪಕ್ಕದ ಪಟ್ಟಿಯ ಮೇಲೆ ಸೈಡ್ ಸ್ಟ್ಯಾಂಡ್ ಕೂರುವ ಮಾದರಿಯಲ್ಲಿ ಗಾಡಿ ಮುಂದಕ್ಕೆ ಜರುಗಿದರೆ ಸ್ಟ್ಯಾಂಡ್ ಮಡಚಿಕೊಂಡು ಬೈಕು ಮಗುಚುತ್ತದೆ. ಮುಂದಿನ ಬ್ರೇಕ್ ಲಿವರನ್ನು ಪಟ್ಟಿಯಿಂದ ಹ್ಯಾಂಡಲಿಗೆ ಬಿಗಿದು ಕಟ್ಟಿ, ಆಮೇಲೆ ತಳ್ಳಿ. ಸೆಂಟರ್ ಸ್ಟ್ಯಾಂಡ್ ಇರುವ ಬೈಕಿಗೆ ಅಗಲ ತಟ್ಟೆಯ ಮಾದರಿ ಚೆನ್ನಾಗಿ ಹೊಂದುತ್ತದೆ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಬಿಚ್ಚಿದ ಬೈಕಿಗೆ ಎರಡೂ ಆಗದು. ಫ್ರೇಮಿನ ಕೊಳವೆಗೆ ಮರದ ತುಂಡು ಕೊಟ್ಟು ಸಿಸರ್ ಜ್ಯಾಕಿನ ಮೇಲೆ ನಿಲ್ಲಿಸಿ. ಸೈಲೆನ್ಸರ್ ಪೈಪಿಗೋ ಆಯಿಲ್ ಫಿಲ್ಟರಿಗೋ ಭಾರ ಬೀಳಬಾರದು.

ಗಾಡಿ ಸರಿದಾಗ ಅದರ ಬಿಡಿಭಾಗವೂ ಜೊತೆಗೇ ಸರಿಯಬೇಕು, ಇಲ್ಲದಿದ್ದರೆ ಡಾಲಿಯಿಂದ ಗೊಂದಲ ಹೆಚ್ಚುವುದೇ ಸರಿ. ಒಂದು ಗಾಡಿಗೆ ಒಂದು ಕ್ರೇಟು, ಅದೇ ಗಾಡಿಯ ಡಿಕ್ಕಿಯಲ್ಲಿ. ಜಿಪ್ ಚೀಲದ ಹೊರಗೆ ಮಾರ್ಕರಿನಲ್ಲಿ ಬರೆದದ್ದು ಎಣ್ಣೆ ಕೈ ತಾಗಿ ಅಳಿಸುತ್ತದೆ, ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಚೀಲದ ಒಳಗೆ ಹಾಕಿ. ಬೈಕಿನ ಕ್ಲಚ್ ಕವರಿನ ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಮಾಡಿ, ಒಂದೊಂದನ್ನೂ ಅದರದರ ಜಾಗದಲ್ಲಿ ಚುಚ್ಚಿಡಿ. ಉದ್ದದ ಬೋಲ್ಟು ಗಿಡ್ಡ ತೂತಿಗೆ ಹೋದರೆ ತಳ ಮುಟ್ಟಿ ಅಲ್ಯುಮಿನಿಯಂ ಕೇಸು ಸೀಳುತ್ತದೆ. ಗಿಡ್ಡದ್ದು ಉದ್ದದ ತೂತಿಗೆ ಹೋದರೆ ಎರಡೇ ಸುತ್ತು ಹಿಡಿದು ಥ್ರೆಡ್ ಕಿತ್ತು ಬರುತ್ತದೆ. ಮೂಲೆಗೆ ತಳ್ಳುವ ಮುನ್ನ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ಖಾಲಿ ಮಾಡಿ, ಬಿಚ್ಚಿದ ಬ್ರೇಕ್ ಪೈಪಿನ ತುದಿಗೆ ಬಿರಡೆ ಹಾಕಿ, ಬ್ಯಾಟರಿ ತೆಗೆದಿಡಿ.

ಮಣ್ಣಿನ ನೆಲ, ಸಂದಿ ಬಿಟ್ಟ ಇಂಟರ್‌ಲಾಕ್ ಕಲ್ಲು, ಬಾಗಿಲ ಬಳಿ ಅರ್ಧ ಇಂಚಿನ ಹೊಸ್ತಿಲು ಇರುವ ಕಡೆ ಈ ಡಾಲಿಗಳು ವ್ಯರ್ಥ. ಹೊಸ್ತಿಲಿಗೆ ದಪ್ಪ ಪ್ಲೈವುಡ್ ಹಾಸಿ ದಾಟಿಸಬಹುದು. ಇಳಿಜಾರಾದರೆ ಆ ಸಾಹಸವೂ ಬೇಡ, ಹ್ಯಾಂಡ್ ಬ್ರೇಕ್ ಕೆಲಸ ಮಾಡದ ಒಂದು ಟನ್ ಗಾಡಿಯನ್ನು ಇಬ್ಬರು ಸೇರಿದರೂ ಹಿಡಿದು ನಿಲ್ಲಿಸಲಾಗದು.