ದ್ರಾಕ್ಷಿ ತೋಟಕ್ಕೆ ಯಾವ ಫೋನ್, ಯಾವ ಸಿಮ್: ನಮ್ಮ ಮನೆಯ ಎರಡು ಫೋನ್‌ಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 13 ಸಾವಿರದ ಕರಿ ಫೋನಿಗೆ. ನನ್ನ ತಮ್ಮ ತಂದ ನೀಲಿ ಫೋನಿಗೆ 22 ಸಾವಿರ ಕೊಟ್ಟಿದ್ದೇವೆ. ನೋಡಲು ಚಂದ, ಕೈಗೂ ಹಗುರ. ವಿಜಯಪುರದಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ಆದರೆ ತಿಕೋಟಾ ದಾಟಿ ನಮ್ಮ ತೋಟಕ್ಕೆ ಬಂದರೆ ಅದರಲ್ಲಿ ಮಾತಾಡಬಹುದು, ಅಷ್ಟೇ. ಬೇರೆ ಏನೂ ಆಗಲ್ಲ.

ಎರಡೂ ಫೋನ್ ದ್ರಾಕ್ಷಿ ಕಟಾವಿಗೆ ಸ್ವಲ್ಪ ಮುಂಚೆ ಬಂದವು. ಎರಡರಲ್ಲೂ ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಸಿಮ್ ಅದಲು ಬದಲು ಮಾಡಿ ಹಾಕಿದೆವು. ಬೋರ್‌ವೆಲ್ ಹತ್ತಿರ, ಒಣದ್ರಾಕ್ಷಿ ಶೆಡ್ಡಿನ ಒಳಗೆ, ಊರಿನ ಮನೆಯಲ್ಲಿ, ಒಣದ್ರಾಕ್ಷಿ ಹರಾಜು ನಡೆಯುವ ಮಹಾರಾಷ್ಟ್ರದ ತಾಸಗಾಂವಕ್ಕೆ ಹೋಗುವ ದಾರಿಯಲ್ಲಿ, ಎಲ್ಲಾ ಕಡೆ ನೋಡಿದ್ದೇವೆ. ಕ್ಯಾಮೆರಾ ನೀಲಿಯದ್ದೇ ಚೆನ್ನಾಗಿದೆ. ಬ್ಯಾಟರಿ ಎರಡರದ್ದೂ ಸಾಕು. ಉರಿ ಬಿಸಿಲಿನಲ್ಲಿ ಪರದೆ ಓದಲು ನೀಲಿಯೇ ವಾಸಿ, ಕರಿ ಫೋನಿಗೆ ಕೈ ಅಡ್ಡ ಹಿಡಿಯಬೇಕು.

ಈಗ ತೊಂದರೆಯ ವಿಷಯ. ತಮ್ಮ ತನ್ನ ನಂಬರ್ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಮಾಡಿಸಿದ್ದ. ತೋಟದಲ್ಲಿ ಹೆಚ್ಚು ಕಡೆ ಸಿಗುವುದು ಅದೇ. ನನ್ನದೂ ಅದೇ ಸಿಮ್. ಇಬ್ಬರೂ ಶೆಡ್ಡಿನಲ್ಲಿ ಒಂದೇ ಜಾಗದಲ್ಲಿ ನಿಂತರೆ ನನ್ನ ಫೋನಿನಲ್ಲಿ 4ಜಿ, ಅವನದರಲ್ಲಿ 'ಇ' ಅಕ್ಷರ, ಅಂದರೆ ನಿಧಾನದ 2ಜಿ ನೆಟ್. ಸಿಗ್ನಲ್ ಗೆರೆ ಮಾತ್ರ ಪೂರ್ತಿ. ಕರೆ ಬರುತ್ತಿತ್ತು, ಹೋಗುತ್ತಿತ್ತು. ವಾಟ್ಸಾಪ್‌ನಲ್ಲಿ ಫೋಟೋ ತೆರೆಯಲ್ಲ, ಯುಪಿಐ ಸುತ್ತುತ್ತಲೇ ಇರುತ್ತದೆ. ಸಿಮ್ ಕೆಟ್ಟಿರಬೇಕು ಅಂತ ಅವನ ಸಿಮ್ ತೆಗೆದು ನನ್ನ ಫೋನಿಗೆ ಹಾಕಿದೆವು. ತಕ್ಷಣ 4ಜಿ! ನನ್ನ ಸಿಮ್ ಅವನ ಫೋನಿಗೆ ಹೋಯಿತು, ಮತ್ತೆ 'ಇ'. ಅಂದರೆ ಸಿಮ್‌ದು ತಪ್ಪಿಲ್ಲ, ಟವರ್‌ದೂ ತಪ್ಪಿಲ್ಲ.

ಅಂಗಡಿಗೆ ಹೋದರೆ, "ಅಪ್‌ಡೇಟ್ ಬಂದ ಮ್ಯಾಲೆ ಸರಿ ಹೋಗ್ತದ್ರೀ ಅಣ್ಣಾರ, ಫೈವ್ ಜಿ ಫೋನ್ ಅದ, ಎಲ್ಲಾ ಹಿಡೀತದ" ಅಂದರು. ಅಪ್‌ಡೇಟ್ ಬಂತು. 'ಇ' ಹೋಗಲಿಲ್ಲ.

ಆಮೇಲೆ ತಮ್ಮನ ಮಗಳು ಎರಡೂ ಫೋನಿನ ಮಾಡೆಲ್ ನಂಬರ್ ಹಾಕಿ ಕಂಪನಿಗಳ ವೆಬ್‌ಸೈಟ್‌ನಲ್ಲಿ ಹುಡುಕಿದಳು. ಕಾರಣ ಅಲ್ಲಿ ಒಂದೇ ಸಾಲಿನಲ್ಲಿತ್ತು. ಬಿಎಸ್‌ಎನ್‌ಎಲ್ ತನ್ನ 4ಜಿಯನ್ನು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ಕೊಡುತ್ತದೆ. ಫೋನಿನ ಭಾಷೆಯಲ್ಲಿ ಇವು ಬ್ಯಾಂಡ್ 28 ಮತ್ತು ಬ್ಯಾಂಡ್ 1. 700ರ ತರಂಗ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಹಳ್ಳಿ ಹೊಲಗಳಿಗೆ ಅದೇ ಆಧಾರ. 2100 ಅಷ್ಟು ದೂರ ಬರಲ್ಲ. ಕರಿ ಫೋನಿನಲ್ಲಿ 4ಜಿ ಬ್ಯಾಂಡ್‌ಗಳ ಪಟ್ಟಿಯಲ್ಲಿ 28 ಇದೆ. ನೀಲಿಯಲ್ಲಿ ಇಲ್ಲ. ಹಾಗಾಗಿ ಅದು ವಿಜಯಪುರದಲ್ಲಿ 4ಜಿ ತೋರಿಸುತ್ತದೆ, ತೋಟಕ್ಕೆ ಬಂದ ಕೂಡಲೇ 2ಜಿಗೆ ಇಳಿಯುತ್ತದೆ.

ಇಲ್ಲಿ ಇನ್ನೊಂದು ಗೊಂದಲ ಇದೆ, ದಯವಿಟ್ಟು ಗಮನಿಸಿ. ನೀಲಿ ಫೋನಿನ 5ಜಿ ಪಟ್ಟಿಯಲ್ಲಿ 'ಎನ್28' ಅಂತ ಬರೆದಿದೆ. ಅದನ್ನು ನೋಡಿ ನಾವೂ ಒಂದು ಕ್ಷಣ ಖುಷಿಪಟ್ಟೆವು. ಅದೂ 700 ಮೆಗಾಹರ್ಟ್ಸೇ, ಆದರೆ 5ಜಿಗೆ ಮಾತ್ರ. ಜಿಯೋ 5ಜಿಗೆ ಅದು ಕೆಲಸಕ್ಕೆ ಬರುತ್ತದೆ. ಬಿಎಸ್‌ಎನ್‌ಎಲ್ 4ಜಿಗೆ ಬೇಕಾದದ್ದು 'ಬಿ28'. ಎರಡೂ ಬೇರೆ ಬೇರೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳಲ್ಲ, ನಮ್ಮ ಫೋನಿನ ಡಬ್ಬಿ ಮೇಲೂ ಇರಲಿಲ್ಲ. ಒಂದೇ ಹೆಸರಿನ ಫೋನಿನಲ್ಲೂ ದೇಶದಿಂದ ದೇಶಕ್ಕೆ ಬ್ಯಾಂಡ್ ಬದಲಾಗುತ್ತದೆ, ಅದಕ್ಕೇ ಪೂರ್ತಿ ಮಾಡೆಲ್ ನಂಬರ್ ಹಾಕಿಯೇ ನೋಡಬೇಕು.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಾವು ಇರುವುದೇ ಶೆಡ್ಡಿನಲ್ಲಿ. ತಾಸಗಾಂವದ ದಲಾಲಿ ಅಂಗಡಿಯವರು ಹರಾಜಿನ ದರ ವಾಟ್ಸಾಪ್‌ಗೆ ಹಾಕಿ "ಕೊಡೂದೇನ್ರೀ?" ಅಂತ ಕೇಳುತ್ತಾರೆ. ಆ ಉತ್ತರ ಆಗಲೇ ಹೋಗಬೇಕು. ದ್ರಾಕ್ಷಿ ಒಣಗುತ್ತಿರುವಾಗ ಅಕಾಲ ಮಳೆ ಬಿದ್ದರೆ ವರ್ಷದ ದುಡಿಮೆ ಕಪ್ಪಾಗುತ್ತದೆ, ಆದ್ದರಿಂದ ಮೋಡದ ಚಿತ್ರ ದಿನಕ್ಕೆ ಹಲವು ಸಲ ನೋಡುತ್ತೇವೆ. ಕೂಲಿಯವರಿಗೆ ಸಂಜೆ ದುಡ್ಡು ಹಾಕುವುದೂ ಫೋನಿನಿಂದಲೇ. ಹೆಣ್ಣುಮಕ್ಕಳು ದಿನವಿಡೀ ದುಡಿದು, ಬುತ್ತಿ ಗಂಟು ಕೈಯಲ್ಲಿ ಹಿಡಿದು ಟಂಟಂ ಹತ್ತಲು ನಿಂತಿರುತ್ತಾರೆ. ಆಗ ನನ್ನ ತಮ್ಮ ದುಡ್ಡು ಹಾಕಲು ಫೋನ್ ಎತ್ತಿ ಹಿಡಿದುಕೊಂಡು ರಸ್ತೆವರೆಗೆ ನಡೆಯಬೇಕಿತ್ತು. ನನಗೆ ಅದು ಸಹಿಸಲಿಲ್ಲ.

ಕಟಾವಿನ ದಿನಗಳಲ್ಲಿ ಬೆರಳೆಲ್ಲ ದ್ರಾಕ್ಷಿ ರಸದ ಅಂಟು. ನೀಲಿ ಫೋನಿಗೆ ಬೆರಳಚ್ಚು ಪರದೆ ಒಳಗಿದೆ, ಅಂಟು ಕೈ ಹಿಡಿಯಲ್ಲ. ಕರಿ ಫೋನಿಗೆ ಪಕ್ಕದ ಗುಂಡಿಯಲ್ಲಿದೆ. ಅಂಗಿಗೆ ಒಮ್ಮೆ ಬೆರಳು ಒರೆಸಿ ಒತ್ತಿದರೆ ತೆರೆಯುತ್ತದೆ.

ಸಿಮ್ ವಿಷಯಕ್ಕೆ ಬರೋಣ. ಬಿಎಸ್‌ಎನ್‌ಎಲ್ 4ಜಿ ತಡವಾಗಿ ಬಂತು, ನಿಜ. 2025ರ ಸೆಪ್ಟೆಂಬರ್ 27ರಂದು ಪ್ರಧಾನಿ ಉದ್ಘಾಟಿಸಿದರು. ಸಿ-ಡಾಟ್, ತೇಜಸ್ ನೆಟ್‌ವರ್ಕ್ಸ್, ಟಿಸಿಎಸ್ ಸೇರಿ ಮಾಡಿದ ದೇಶದ್ದೇ ತಂತ್ರಜ್ಞಾನ ಅದು. ವೇಗ ಜಾಸ್ತಿ ಇಲ್ಲ. ವಿಡಿಯೋ ನೋಡುವವರಿಗೆ ಬೇಸರ ಆಗಬಹುದು. ನನ್ನ ಕರಿ ಫೋನಿನಲ್ಲಿ ಕರೆ ಬಂದರೆ 2ಜಿಗೆ ಹೋಗಿ ನೆಟ್ ನಿಲ್ಲುತ್ತದೆ, ಕರೆ ಮುಗಿದ ಮೇಲೆ ಮತ್ತೆ ಬರುತ್ತದೆ. ನನಗೆ ಅದು ನಡೆಯುತ್ತದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಇವರು ಏರಿಸಲಿಲ್ಲ, ಅದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಎರಡನೇ ಸಿಮ್ ಆಗಿ ಜಿಯೋ ಇಟ್ಟುಕೊಂಡಿದ್ದೇನೆ, ವಿಜಯಪುರಕ್ಕೆ ಹೋದಾಗ ನೆಟ್‌ಗೆ. ಅಲ್ಲಿ ವೇಗದ ಬಗ್ಗೆ ಮಾತೇ ಇಲ್ಲ.

ಪಂಪ್‌ಸೆಟ್‌ನ ಮೊಬೈಲ್ ಸ್ಟಾರ್ಟರ್‌ಗೆ ಮಾತ್ರ ಲೆಕ್ಕವೇ ಬೇರೆ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಮಲಗಿದಲ್ಲಿಂದಲೇ ಕರೆ ಮಾಡಿ ಮೋಟಾರ್ ಚಾಲೂ ಮಾಡುತ್ತೇವೆ. ನಮ್ಮ ಸ್ಟಾರ್ಟರ್ ಒಳಗಿರುವುದು 2ಜಿ ಯಂತ್ರ. ಜಿಯೋ 2016ರಲ್ಲಿ ಶುರುವಾಗಿದ್ದೇ 4ಜಿಯಿಂದ, ಅದಕ್ಕೆ 2ಜಿ ಇಲ್ಲ. ಆ ಸಿಮ್ ಇದಕ್ಕೆ ಆಗಲ್ಲ, 4ಜಿ ಸ್ಟಾರ್ಟರ್ ಬೇಕು. ಏರ್‌ಟೆಲ್ ಹಾಕಿದ್ದೇವೆ, ಚೆನ್ನಾಗಿ ನಡೆಯುತ್ತಿದೆ. ಸ್ಟಾರ್ಟರ್‌ಗೆ ಡೇಟಾ ಯಾಕೆ ಬೇಕು? ಮೊಬೈಲ್ ಕಂಪನಿಗಳಿಗೆ ನಿಯಮ ಹಾಕುವ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಬರೀ ಕರೆ ಮತ್ತು ಎಸ್‌ಎಂಎಸ್ ಪ್ಯಾಕ್ ಕೊಡಲೇಬೇಕು ಅಂತ ಹೇಳಿದೆ. ಅಂಗಡಿಯಲ್ಲಿ ಅದನ್ನೇ ಕೇಳಿ ಹಾಕಿಸಿ, ಸುಮ್ನೆ ಡೇಟಾ ಪ್ಯಾಕ್‌ಗೆ ದುಡ್ಡು ಕೊಡಬೇಡಿ.

ಪೋರ್ಟ್ ಮಾಡುವವರು ಮೊದಲು ಗೆಳೆಯರ ಸಿಮ್ ಒಂದು ದಿನ ನಿಮ್ಮ ಫೋನಿಗೆ ಹಾಕಿ ಹೊಲದಲ್ಲಿ ಓಡಾಡಿ ನೋಡಿ. 1900ಕ್ಕೆ ಪೋರ್ಟ್ ಸಂದೇಶ ಕಳಿಸುವುದು ಸುಲಭ, ಆದರೆ ಹೊಸ ಕಂಪನಿಯಲ್ಲಿ 90 ದಿನ ಇರಲೇಬೇಕು.

ಪೇಟೆಯಲ್ಲಿ ಇರುವವರಿಗೆ ನೀಲಿ ಫೋನ್ ಧಾರಾಳವಾಗಿ ಕೊಳ್ಳಿ ಅಂತಲೇ ಹೇಳುತ್ತೇನೆ. ನಮ್ಮದು ಈಗ ತಮ್ಮನ ಮಗಳ ಕೈಯಲ್ಲಿದೆ. ವಿಜಯಪುರದಲ್ಲಿ ಕಾಲೇಜು, 5ಜಿ ಸಿಮ್ ಹಾಕಿಕೊಂಡಿದ್ದಾಳೆ, ಒಂದು ದೂರೂ ಇಲ್ಲ. ತಮ್ಮನಿಗೆ ಕರಿ ಫೋನೇ ಇನ್ನೊಂದು ತರುತ್ತೇವೆ. ಅವನು ಈ ಸಲ ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ನಿಂತು ಮಾಡೆಲ್ ನಂಬರ್ ಕೇಳುತ್ತಾನಂತೆ.