ಕ್ರಾಲರ್‌ಗೆ ಹಿತ್ತಾಳೆ ಹಾಕಿಸೋಕೆ ಯಾರ ಕೈಗಾದರೂ ಕೊಡುವ ಮುಂಚೆ ಇದನ್ನು ಓದಿ

ಬರೆಯಲೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ನಾಚಿಕೆ, ಇನ್ನೇನಿಲ್ಲ. ಆರು ವರ್ಷದಿಂದ ಆರ್‌ಸಿ ಗಾಡಿ, ಅಂದರೆ ರಿಮೋಟ್‌ನಲ್ಲಿ ನಡೆಸುವ ಪುಟ್ಟ ಗಾಡಿ, ಓಡಿಸುವವನು ಹೀಗೆ ಮೋಸ ಹೋದೆ ಅಂತ ಹೇಳಿಕೊಳ್ಳೋದು ಕಷ್ಟ. ಆದರೆ ಅದೇ ಮನುಷ್ಯ ಮೊನ್ನೆ ಇನ್ನೊಬ್ಬ ಹುಡುಗನ ಹತ್ತಿರ ಗಾಡಿ, ದುಡ್ಡು ಎರಡೂ ಇಸಕೊಂಡಿದ್ದಾನೆ ಅಂತ ಗೊತ್ತಾಯಿತು. ಇನ್ನು ಸುಮ್ಮನಿರೋಕೆ ಆಗಲಿಲ್ಲ.

ನನ್ನದು ಟ್ರಾಕ್ಸಾಸ್ ಟಿಆರ್‌ಎಕ್ಸ್-4 ಡಿಫೆಂಡರ್, ಕಲ್ಲು ಬಂಡೆ ಹತ್ತೋಕೆ ಅಂತಲೇ ಮಾಡಿದ ಕ್ರಾಲರ್. ಅಮೆರಿಕದಲ್ಲಿರುವ ಅಕ್ಕ ಊರಿಗೆ ಬರುವಾಗ ತಂದುಕೊಟ್ಟಿದ್ದು. ಗಾಡಿ ಚೆನ್ನಾಗಿಯೇ ಇತ್ತು. ನಮ್ಮ ಕೋಲಾರದ ಕಡೆ ಬಂಡೆಗಳು ಗೊತ್ತಲ್ವಾ, ತೀರಾ ಕಡಿದಾದ ಜಾಗದಲ್ಲಿ ಮಾತ್ರ ಮೂತಿ ಮೇಲೆತ್ತುತ್ತಿತ್ತು. ಮುಂದಿನ ಆಕ್ಸಲ್‌ಗೆ ಹಿತ್ತಾಳೆ ಪಾರ್ಟ್ಸ್ ಹಾಕಿದರೆ ತೂಕ ಕೆಳಗೆ ಕೂರುತ್ತದೆ, ಅದು ಎಲ್ಲರಿಗೂ ಗೊತ್ತಿರೋದೇ. ಜೊತೆಗೆ ನಿಧಾನವಾಗಿ ಹತ್ತೋಕೆ 35ಟಿ ಮೋಟಾರ್ (ಟಿ ಅಂದರೆ ತಂತಿಯ ಸುತ್ತು, ಜಾಸ್ತಿ ಇದ್ದಷ್ಟೂ ನಿಧಾನ), ಚಕ್ರ ಎಡಕ್ಕೆ ಬಲಕ್ಕೆ ಹೊರಳಿಸೋಕೆ ಒಂದು ಒಳ್ಳೆ ಸರ್ವೋ. ಇಷ್ಟೇ ನಾನು ಕೇಳಿದ್ದು.

ಬೆಂಗಳೂರಿನಲ್ಲಿ ಒಬ್ಬ ಮನೆಯಲ್ಲೇ ಈ ಕೆಲಸ ಮಾಡುತ್ತಾನೆ. ವಿಡಿಯೋಗಳು ಬಹಳ ಚೆನ್ನಾಗಿದ್ದವು. 18,500 ರೂಪಾಯಿ ಹೇಳಿದ. ಅರ್ಧ ಈಗ, ಅರ್ಧ ಆಮೇಲೆ ಅಂದೆ. "ಪಾರ್ಟ್ಸ್ ತರಿಸಬೇಕು ಬ್ರೋ, ಫುಲ್ ಹಾಕ್ಬಿಡಿ, ಟೆನ್ಶನ್ ಬೇಡ" ಅಂದ. ಹಾಕಿಬಿಟ್ಟೆ. ಬಿಲ್ ಕೇಳಲಿಲ್ಲ. ಹಿತ್ತಾಳೆ ನಿಜವಾದದ್ದೇ ತಾನೇ ಅಂತ ಮಾತ್ರ ಕೇಳಿದ್ದೆ. ಅದಕ್ಕೆ ಬಂದ ಮೆಸೇಜ್ ಇನ್ನೂ ನನ್ನ ಫೋನಿನಲ್ಲಿದೆ: "ಪ್ಯೂರ್ ಬ್ರಾಸ್ ಬ್ರೋ, ಕೈಯಲ್ಲಿ ಹಿಡಿದ್ರೆ ಗೊತ್ತಾಗುತ್ತೆ."

ಹತ್ತು ದಿನ ಅಂದವನು ಐದು ವಾರಕ್ಕೆ ಕೊಟ್ಟ. ನೋಡೋಕೆ ಥಳಥಳ ಹೊಳೆಯುತ್ತಿತ್ತು. ನಾನು ಕೇಳದೇ ಇದ್ದರೂ ಮೇಲೆ ಕಬ್ಬಿಣದ ಕ್ಯಾರಿಯರ್, ಲೈಟ್ ಬಾರ್, ಸ್ಪೇರ್ ಟೈರ್ ಎಲ್ಲ ಹಾಕಿದ್ದ. "ನನ್ನ ಕಡೆಯಿಂದ ಗಿಫ್ಟ್ ಬ್ರೋ" ಅಂದ. ನಾನು ಥ್ಯಾಂಕ್ಸ್ ಹೇಳಿ ಬಂದೆ. ಥ್ಯಾಂಕ್ಸ್ ಹೇಳಿದೆನಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಭಾನುವಾರ ಬಂಡೆ ಮೇಲೆ ಬಿಟ್ಟೆ. ಮುಂಚೆ ಹತ್ತುತ್ತಿದ್ದ ಜಾಗದಲ್ಲೇ ಹಿಂದಕ್ಕೆ ಮಗುಚಿತು. ಮತ್ತೆ ಬಿಟ್ಟೆ, ಮತ್ತೆ ಮಗುಚಿತು. ಮೇಲೆ ಅಷ್ಟು ಭಾರ ಹೇರಿದರೆ ಮಗುಚದೇ ಇನ್ನೇನಾಗುತ್ತದೆ? ಸರಿ, ಕ್ಯಾರಿಯರ್ ಬಿಚ್ಚೋಣ ಅಂತ ಗಾಡಿ ಕೈಗೆತ್ತಿಕೊಂಡಾಗ ಅವನು ಹಿತ್ತಾಳೆ ಅಂತ ಹಾಕಿದ್ದ ಮುಂದಿನ ಪೋರ್ಟಲ್ ಕವರ್, ಅಂದರೆ ಚಕ್ರದ ಹಿಂದೆ ಆಕ್ಸಲ್ ತುದಿಯ ಗೇರ್ ಮುಚ್ಚುವ ಭಾಗ, ಕಣ್ಣಿಗೆ ಬಿತ್ತು. ಕಲ್ಲಿಗೆ ತಗುಲಿ ಗೀರಿದ ಕಡೆ ಬೆಳ್ಳಗಿತ್ತು. ಹಿತ್ತಾಳೆ ಎಷ್ಟು ಗೀರಿದರೂ ಒಳಗೂ ಹಳದಿಯೇ ಅಲ್ವಾ? ಅಲ್ಲೇ ಎದೆ ಧಸಕ್ ಅಂತು.

ಮನೆಗೂ ಹೋಗಲಿಲ್ಲ. ದಾರಿಯಲ್ಲಿದ್ದ ದಿನಸಿ ಅಂಗಡಿಯಲ್ಲಿ ಕವರ್ ಬಿಚ್ಚಿ ತಕ್ಕಡಿ ಮೇಲೆ ಇಟ್ಟೆ. 38 ಗ್ರಾಂ. ಜೊತೆಗಿದ್ದ ಗೆಳೆಯ ತನ್ನ ಗಾಡಿಯ ಹಿತ್ತಾಳೆ ಕವರ್ ಬಿಚ್ಚಿಕೊಟ್ಟ, ಅದೇ ಅಳತೆ, ಅದೇ ಆಕಾರ. 116 ಗ್ರಾಂ. ಮೂರು ಪಟ್ಟು! ನನಗೆ ಕೊಟ್ಟಿದ್ದು ಚಿನ್ನದ ಬಣ್ಣದ ಅಲ್ಯೂಮಿನಿಯಂ. ಅಂಗಡಿಯವರು "ಏನು ಸಾರ್ ಅದು, ಏನಾಯ್ತು" ಅಂತ ಕೇಳುತ್ತಿದ್ದಾರೆ, ನನಗೆ ಬಾಯಿಂದ ಮಾತೇ ಬರುತ್ತಿಲ್ಲ. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತೆ ಅಂದಿದ್ದನಲ್ಲ, ಐದು ವಾರ ಕಾದ ಖುಷಿಯಲ್ಲಿ ನಾನು ಬಿಚ್ಚಿ ಕೈಯಲ್ಲಿ ಹಿಡಿದೇ ಇರಲಿಲ್ಲ.

ತೂಕದ ಫೋಟೋ ಕಳಿಸಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ. ಮೊದಲು, "ಬ್ರೋ ಅದು ಬ್ರಾಸ್ ಫಿನಿಶ್, ಫುಲ್ ಬ್ರಾಸ್ ಅಂತ ನಾನೆಲ್ಲಿ ಹೇಳಿದೆ?" ಅವನದೇ ಹಳೇ ಮೆಸೇಜ್ ಅವನಿಗೇ ಕಳಿಸಿದೆ. ಎರಡು ದಿನ ನೀಲಿ ಟಿಕ್ ಮಾತ್ರ. ಆಮೇಲೆ ಬ್ರೋ ಹೋಗಿ ಸರ್ ಬಂತು. "ಸಪ್ಲೈಯರ್ ಹಾಗೆ ಕಳ್ಸಿದಾನೆ ಸರ್, ನಾನೇನ್ ಮಾಡ್ಲಿ." ಗಾಡಿ ಮಗುಚುತ್ತಿದೆ ಅಂದರೆ "ನೀವು ಥ್ರಾಟಲ್ ನಿಧಾನಕ್ಕೆ ಕೊಡಿ ಸರ್, ಓಡಿಸೋದು ಕಲೀಬೇಕು" ಅಂತೆ. ನನಗೆ ಓಡಿಸೋದು ಕಲಿಸುತ್ತಾನೆ!

ಹೋಗಲಿ, ನನ್ನ ಹಳೇ ಸಾಮಾನಾದರೂ ವಾಪಸ್ ಕೊಡಪ್ಪ ಅಂದೆ. ಗಾಡಿ ಜೊತೆ ಬಂದ ಟೈಟನ್ 21ಟಿ ಮೋಟಾರ್, ಸರ್ವೋ, ಪ್ಲಾಸ್ಟಿಕ್ ಪೋರ್ಟಲ್ ಕವರ್‌ಗಳು, ಎಲ್ಲ ಅವನ ಹತ್ತಿರವೇ ಉಳಿದಿವೆ. "ಮೋಟಾರ್ ಸುಟ್ಟು ಹೋಗಿತ್ತು ಸರ್, ಬಿಸಾಕಿದೆ. ಹಳೇದನ್ನೆಲ್ಲ ಯಾರೂ ಕೇಳಲ್ಲ" ಅಂದ. ಕೊಡುವ ದಿನ ಬೆಳಿಗ್ಗೆ ಓಡಿಸಿದ ವಿಡಿಯೋ ನನ್ನ ಹತ್ತಿರ ಇದೆ. ಅದನ್ನು ಕಳಿಸಿದ ಮೇಲೆ ಬ್ಲಾಕ್ ಮಾಡಿದ.

1915ಕ್ಕೆ, ಅದೇ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಅವರು ಮೊದಲು ಕೇಳಿದ್ದೇ ಬಿಲ್. ನನ್ನ ಹತ್ತಿರ ಇರೋದು ಯುಪಿಐ ಮತ್ತು ಚಾಟ್‌ನ ಸ್ಕ್ರೀನ್‌ಶಾಟ್ ಅಷ್ಟೇ.

ದಯವಿಟ್ಟು ಇಷ್ಟಾದರೂ ಮಾಡಿ. ಹಾಕುವ ಮುಂಚೆ ಪ್ರತಿಯೊಂದು ಪಾರ್ಟನ್ನೂ ತಕ್ಕಡಿ ಮೇಲಿಟ್ಟು ವಿಡಿಯೋ ಕಳಿಸಿ ಅನ್ನಿ, ಕಳಿಸದಿದ್ದರೆ ಗಾಡಿ ವಾಪಸ್ ತನ್ನಿ. ಬಿಚ್ಚಿದ ಸಾಮಾನು ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಬ್ರೋ ಬ್ರೋ ಅಂತ ಜಾಸ್ತಿ ಸಲಿಗೆ ತೋರಿಸಿ ಪೂರ್ತಿ ಅಡ್ವಾನ್ಸ್ ಕೇಳುವವನ ಹತ್ತಿರ ಹೋಗಲೇಬೇಡಿ.

ಆ ಅಲ್ಯೂಮಿನಿಯಂ ಕವರ್‌ಗಳನ್ನು ನೋಡಿದರೇ ಸಿಟ್ಟು ಬರುತ್ತದೆ, ಬಿಚ್ಚಿ ಎಸೆದಿದ್ದೇನೆ. ಕವರ್ ಇಲ್ಲದೆ ಚಕ್ರ ಕೂರಲ್ಲ, ಹಾಗಾಗಿ ಅಕ್ಕ ತಂದ ಗಾಡಿ ಈಗ ಮುಂದಿನ ಎರಡು ಚಕ್ರ ಇಲ್ಲದೆ ಕಪಾಟಿನ ಮೇಲೆ ಕೂತಿದೆ. ಟಿಆರ್‌ಎಕ್ಸ್-4ರ ಹಳೇ ಪ್ಲಾಸ್ಟಿಕ್ ಪೋರ್ಟಲ್ ಕವರ್ ಮುಂದಿನ ಜೋಡಿ ಯಾರ ಹತ್ತಿರವಾದರೂ ಇದ್ದರೆ ಹೇಳಿ, ದುಡ್ಡು ಕೊಟ್ಟೇ ತಗೊಳ್ಳುತ್ತೇನೆ. ನಾನೇ ಬಂದು, ನೋಡಿ ತಗೊಳ್ಳುತ್ತೇನೆ.