ಮನೆಯ ನ್ಯಾಸ್‌ಗೆ ಯಾವ ಸಿಂಕ್? ಮೂರನ್ನೂ ಹಾಕಿ ನೋಡಿದ ಮೇಲೆ

ನನ್ನ ಮನೆಯ ನ್ಯಾಸ್‌ನಲ್ಲಿ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಲ್ಯಾಪ್‌ಟಾಪಿನ ಫೈಲ್‌ಗಳನ್ನು ತಾನಾಗಿಯೇ ತಂದು ಹೊಂದಿಸುವ ಸಿಂಕ್ ಕೆಲಸಕ್ಕೆ ಈಗ ಉಳಿದಿರುವುದು ಸಿಂಕ್‌ಥಿಂಗ್ ಎಂಬ ಆ್ಯಪ್. ನ್ಯಾಸ್ ತಯಾರಕರೇ ಕೊಡುವ ಸಿಂಕ್ ಆ್ಯಪ್ ನಾಲ್ಕು ತಿಂಗಳು ಇತ್ತು, ನೆಕ್ಸ್ಟ್‌ಕ್ಲೌಡ್ ಎಂಬ ಇನ್ನೊಂದು ತಂತ್ರಾಂಶ ಎರಡು ವಾರ. ಇನ್ನು ಬದಲಾಯಿಸುವ ಯೋಚನೆ ಇಲ್ಲ.

ಕೆಲಸ ಇಷ್ಟೇ. ಅಪ್ಪ ಮೂವತ್ತು ವರ್ಷ ಕೂಡಿಟ್ಟ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಯಲ್ಲಾಪುರದ ಮನೆಯಲ್ಲಿ ತಮ್ಮ ಒಂದೊಂದಾಗಿ ಲ್ಯಾಪ್‌ಟಾಪಿಗೆ ಇಳಿಸುತ್ತಿದ್ದಾನೆ. ಅವು ಬೆಂಗಳೂರಿನ ನನ್ನ ಮನೆಯ ನ್ಯಾಸ್‌ಗೆ ತಾವಾಗಿಯೇ ಬಂದು ಸೇರಬೇಕು. 90 ನಿಮಿಷದ ಒಂದು ಕ್ಯಾಸೆಟ್ ಸಿಡಿ ಗುಣಮಟ್ಟದ ವೇವ್ ಫೈಲ್ ಆದರೆ ಹತ್ತಿರ ಹತ್ತಿರ 950 ಎಂಬಿ. ಇಷ್ಟನ್ನೆಲ್ಲ ಕ್ಲೌಡಿನಲ್ಲಿಟ್ಟು ತಿಂಗಳು ತಿಂಗಳೂ ಬಾಡಿಗೆ ಕಟ್ಟುವುದು ಬೇಡವೆಂದೇ ಎರಡು ಡಿಸ್ಕಿನ, 2 ಜಿಬಿ ರ‍್ಯಾಮಿನ ಪೆಟ್ಟಿಗೆ ಕೊಂಡಿದ್ದೆ.

ತಯಾರಕರ ಆ್ಯಪ್ ಹಾಕುವುದು ಎಲ್ಲಕ್ಕಿಂತ ಸುಲಭ. ಒಂದು ಬಟನ್ ಒತ್ತಿದರೆ ಮುಗಿಯಿತು. ನಾಲ್ಕು ತಿಂಗಳು ಹಸಿರು ಗುರುತು ನೋಡಿಕೊಂಡು ನೆಮ್ಮದಿಯಾಗಿದ್ದೆ. ಒಂದು ದಿನ ಅಪ್ಪ ಒಂದು ಪ್ರಸಂಗ ಕೇಳಿದರು, ಹುಡುಕಿದರೆ ನ್ಯಾಸ್‌ನಲ್ಲಿ ಅದು ಇಲ್ಲ. ಲ್ಯಾಪ್‌ಟಾಪಿನಲ್ಲಿದೆ, ಆ್ಯಪ್ 'ಸಿಂಕ್ ಪೂರ್ಣ' ಎನ್ನುತ್ತಿದೆ, ಫೈಲ್ ಮಾತ್ರ ಬಂದಿಲ್ಲ. ಎರಡೂ ಕಡೆಯ ಪಟ್ಟಿ ತೆಗೆದು ಹೋಲಿಸಿದರೆ 38 ಫೈಲ್‌ಗಳು ಕಾಣೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಮ್ಮೆ ನುಡಿಸಿದ ಮೇಲೆ ಕೆಲವು ಟೇಪ್‌ಗಳು ಇನ್ನೊಮ್ಮೆ ನುಡಿಸುವ ಸ್ಥಿತಿಯಲ್ಲೇ ಇರಲಿಲ್ಲ.

ಸಿಂಕ್‌ಥಿಂಗ್ ಹಾಕಿದ್ದು ಆ ವಾರವೇ. ಅದೂ ಆ ಫೈಲ್‌ಗಳನ್ನು ತರಲಿಲ್ಲ. ಆದರೆ ಸುಮ್ಮನಿರಲಿಲ್ಲ, ಸೋತ ಫೈಲ್‌ಗಳ ಪಟ್ಟಿ ಮಾಡಿ ಪ್ರತಿಯೊಂದರ ಎದುರೂ ಕಾರಣ ಬರೆದಿತ್ತು: ಹೆಸರು ಬಹಳ ಉದ್ದವಾಯಿತು.

ಹೆಸರು ಹೀಗಿತ್ತು: 'ಶ್ರೀಕೃಷ್ಣ ಸಂಧಾನ ತಾಳಮದ್ದಳೆ ಯಲ್ಲಾಪುರ 1987 ಕ್ಯಾಸೆಟ್ 2 ಮೊದಲ ಮಗ್ಗುಲು'. ಕಣ್ಣಿಗೆ ಕಾಣುವುದು 24 ಅಕ್ಷರ, 5 ಅಂಕಿ. ಇದು ಉದ್ದವೇ? ಲೆಕ್ಕ ಹಾಕಿದ ಮೇಲೆ ಅರ್ಥವಾಯಿತು. ಕಂಪ್ಯೂಟರಿಗಾಗಿ ಲಿಪಿಗಳಿಗೆ ಸಂಕೇತ ಕೊಡುವ ಯುನಿಕೋಡಿನಲ್ಲಿ 'ಶ್ರೀ' ಒಂದು ಅಕ್ಷರವಲ್ಲ, ನಾಲ್ಕು ಸಂಕೇತ: ಶ, ವಿರಾಮ (ಅರ್ಧಾಕ್ಷರದ ಗುರುತು), ರ, ದೀರ್ಘ ಈಕಾರ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಅಂದರೆ 'ಶ್ರೀ' ಒಂದೇ 12 ಬೈಟ್. ಇಡೀ ಹೆಸರು 163, ಕೊನೆಯ ವೇವ್ ಬಾಲ (.wav) ಸೇರಿದರೆ 167 ಬೈಟ್. ಇದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 80 ಬೈಟಿನೊಳಗೆ ಮುಗಿಯುತ್ತದೆ.

ಲಿನಕ್ಸ್‌ನಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ, ಹಾಗಾಗಿ 167 ಸಲೀಸಾಗಿ ಹಿಡಿಯಬೇಕಿತ್ತು. ಎಡವಟ್ಟು ಮಾಡಿದ್ದು ನಾನೇ. ಕಳ್ಳತನದ ಭಯಕ್ಕೆ ಆ ಫೋಲ್ಡರ್ ಮಾಡುವಾಗ ಒಳಗಿನದನ್ನು ಗೂಢಲಿಪಿ ಮಾಡುವ 'ಎನ್‌ಕ್ರಿಪ್ಟ್' ಗುರುತು ಹಾಕಿದ್ದೆ. ಹಲವು ಮನೆಬಳಕೆಯ ನ್ಯಾಸ್‌ಗಳಲ್ಲಿ ಫೋಲ್ಡರ್ ಮಟ್ಟದ ಎನ್‌ಕ್ರಿಪ್ಷನ್ ಅಂದರೆ ಈಕ್ರಿಪ್ಟ್‌ಎಫ್‌ಎಸ್ ಎಂಬ ವ್ಯವಸ್ಥೆ. ಅದು ಫೈಲಿನ ಹೆಸರನ್ನೂ ಗೂಢಲಿಪಿ ಮಾಡುತ್ತದೆ, ಹಾಗೆ ಮಾಡಿದಾಗ ಹೆಸರು ಹಿಗ್ಗುತ್ತದೆ. ಆದ್ದರಿಂದ ನಮಗೆ ಉಳಿಯುವುದು 143 ಬೈಟ್, ಅಂದರೆ ಕನ್ನಡದ 47 ಸಂಕೇತ. ತಮ್ಮನ ವಿಂಡೋಸ್ ಲ್ಯಾಪ್‌ಟಾಪ್ ಬೈಟ್ ಎಣಿಸುವುದಿಲ್ಲ, 255 ಸಂಕೇತಗಳವರೆಗೆ ಬಿಡುತ್ತದೆ. ಅವನಿಗೆ ಅಲ್ಲಿ ತೊಂದರೆಯೇ ಕಾಣಲಿಲ್ಲ. ಇಂಗ್ಲಿಷಿನಲ್ಲಿ ಹೆಸರಿಡುವವರು ಈ ಗೋಡೆಗೆ ಹಾಯುವುದೇ ಅಪರೂಪ, ಕನ್ನಡದಲ್ಲಿ ಹೆಸರಿಡುವ ನಾವು ವಾರಕ್ಕೊಮ್ಮೆ ಹಾಯುತ್ತೇವೆ.

ಎನ್‌ಕ್ರಿಪ್ಷನ್ ಇಲ್ಲದ ಹೊಸ ಫೋಲ್ಡರ್ ಮಾಡಿ ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆ. ಭದ್ರತೆ ಬೇಕೇ ಬೇಕು ಅನ್ನುವವರು ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡುವ ವಿಧಾನ ತಮ್ಮ ಪೆಟ್ಟಿಗೆಯಲ್ಲಿದೆಯೇ ನೋಡಿ, ಅದು ಹೆಸರಿನ ತಂಟೆಗೆ ಬರುವುದಿಲ್ಲ. ಹೆಸರನ್ನು 255ರ ಅಂಚಿಗೆ ಒಯ್ಯುವುದೂ ಬೇಡ. ಹಳೆಯ ಪ್ರತಿ ತೆಗೆದಿಡುವಾಗ ಸಿಂಕ್‌ಥಿಂಗ್ ಹೆಸರಿಗೆ ದಿನಾಂಕ, ಸಮಯ ಅಂಟಿಸುತ್ತದೆ, ಅದಕ್ಕೂ ಜಾಗ ಬೇಕು.

ನೆಕ್ಸ್ಟ್‌ಕ್ಲೌಡ್ ಬೇರೆಯೇ ಜಾತಿ. ಕ್ಯಾಲೆಂಡರ್, ಸಂಪರ್ಕ ಪಟ್ಟಿ, ಬ್ರೌಸರಿನಲ್ಲೇ ಕಡತ ತಿದ್ದುವುದು, ಎಲ್ಲ ಇದೆ. ಅದಕ್ಕೆ ತಕ್ಕಂತೆ ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಎಲ್ಲ ಬೇಕು. ನನ್ನ 2 ಜಿಬಿ ಪೆಟ್ಟಿಗೆಗೆ ಅದು ಭಾರವಾಯಿತು. ಅಪ್‌ಡೇಟ್ ಮಾಡುವಾಗ ದೊಡ್ಡ ಆವೃತ್ತಿಗಳನ್ನು ಹಾರಿಸುವಂತಿಲ್ಲ, ಒಂದೊಂದೇ ಮೆಟ್ಟಿಲು ಏರಬೇಕು. ನನ್ನ ಅಭ್ಯಾಸಕ್ಕೆ ಒಗ್ಗದ್ದು ಇನ್ನೊಂದು: ನಾನು ಮನೆಯೊಳಗಿದ್ದಾಗ ಫೈಲ್‌ಗಳನ್ನು ನೇರವಾಗಿ ನ್ಯಾಸ್‌ನ ಫೋಲ್ಡರಿಗೇ ಎಳೆದು ಹಾಕುವವನು. ಅದರ ಡೇಟಾ ಫೋಲ್ಡರಿಗೆ ಹಾಗೆ ಹಾಕಿದರೆ ಸ್ಕ್ಯಾನ್ ಆದೇಶ ಕೊಡುವವರೆಗೆ ನೆಕ್ಸ್ಟ್‌ಕ್ಲೌಡಿಗೆ ಅವು ಕಾಣುವುದಿಲ್ಲ. ಸಿಂಕ್‌ಥಿಂಗಿಗೆ ಫೋಲ್ಡರೇ ಎಲ್ಲ, ಯಾವ ದಾರಿಯಿಂದ ಬಂದರೂ ಕಂಡುಕೊಳ್ಳುತ್ತದೆ.

ಊರಿನ ಇಂಟರ್ನೆಟ್ಟಿಗೂ ನನ್ನದಕ್ಕೂ ಹೊರಗಿನಿಂದ ನೇರವಾಗಿ ತಲುಪಬಹುದಾದ ಸ್ವಂತ ಸಾರ್ವಜನಿಕ ಐಪಿ ವಿಳಾಸ ಇಲ್ಲ. ಹೊರಗಿನಿಂದ ನೆಕ್ಸ್ಟ್‌ಕ್ಲೌಡ್ ಮುಟ್ಟಬೇಕಾದರೆ ವಿಪಿಎನ್‌ನಂಥ ಖಾಸಗಿ ಸುರಂಗ ಕಟ್ಟಬೇಕು. ಸಿಂಕ್‌ಥಿಂಗಿನಲ್ಲಿ ತಮ್ಮನ ಸಾಧನದ ಗುರುತನ್ನು ವಾಟ್ಸ್‌ಆ್ಯಪಿನಲ್ಲಿ ತರಿಸಿ ಅಂಟಿಸಿದೆ, ಅಷ್ಟೇ. ನೇರ ದಾರಿ ಸಿಗದಿದ್ದರೆ ಸ್ವಯಂಸೇವಕರು ನಡೆಸುವ ರಿಲೇ (ನಡುವೆ ದಾಟಿಸುವ ಸರ್ವರ್) ಮೂಲಕ ಬರುತ್ತದೆ. ನಿಧಾನ, ಆದರೆ ನಡುವಿನವರಿಗೆ ಒಳಗಿರುವುದು ಕಾಣದು. ಮಳೆಗಾಲದಲ್ಲಿ ಅಲ್ಲಿ ದಿನಕ್ಕೆ ಐದಾರು ಸಲ ಕರೆಂಟು ಹೋಗುತ್ತದೆ. ಫೈಲನ್ನು ತುಂಡು ತುಂಡಾಗಿ ತರುವುದರಿಂದ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಹಾಕುವಾಗ ಎರಡು ಕಡೆ ಎಚ್ಚರ. ಆ್ಯಪ್‌ಗಳನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರಿನಲ್ಲಿ ಸಿಂಕ್‌ಥಿಂಗ್ 1000 ಎಂಬ ಬಳಕೆದಾರ ಸಂಖ್ಯೆಯಲ್ಲಿ ಓಡುತ್ತದೆ. ನ್ಯಾಸ್‌ನಲ್ಲಿ ನಿಮ್ಮ ಸಂಖ್ಯೆ ಬೇರೆ ಇದ್ದರೆ ಅದನ್ನೇ ಕೊಡಿ, ಇಲ್ಲವಾದರೆ 'ಅನುಮತಿ ಇಲ್ಲ' ಎಂದು ನಿಲ್ಲುತ್ತದೆ. ಸಿಂಕ್‌ಥಿಂಗನ್ನು ಬ್ರೌಸರಿನಿಂದ ನಿಯಂತ್ರಿಸುವ 8384 ಪೋರ್ಟಿನ ಪುಟಕ್ಕೆ ಮೊದಲ ದಿನವೇ ಪಾಸ್‌ವರ್ಡ್ ಹಾಕಿ.

ಫೋನಿನ ವಿಷಯದಲ್ಲಿ ತಯಾರಕರ ಆ್ಯಪೇ ಮೇಲು, ಒಪ್ಪುತ್ತೇನೆ. ಸಿಂಕ್‌ಥಿಂಗಿನ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು, ನಾನು ಬಳಸುವುದು ಬೇರೆಯವರು ಮುಂದುವರಿಸಿದ ಅದರ ಕವಲು, ಅಂದರೆ ಫೋರ್ಕ್. ಐಫೋನಿಗೆ ಅಧಿಕೃತವಾದದ್ದು ಇಲ್ಲವೇ ಇಲ್ಲ. ಹೆಂಡತಿಯ ಐಫೋನಿನ ಫೋಟೊಗಳು ಇವತ್ತಿಗೂ ತಯಾರಕರ ಆ್ಯಪಿನಿಂದಲೇ ಬರುತ್ತವೆ.

ಇನ್ನೊಂದು, ಸಿಂಕ್‌ಥಿಂಗಿನಲ್ಲಿ ತಮ್ಮ ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದು ನ್ಯಾಸ್‌ನಲ್ಲೂ ಅಳಿಯುತ್ತದೆ. ಅದಕ್ಕೇ ನ್ಯಾಸ್‌ನ ಬದಿಯಲ್ಲಿ ಹಳೆಯ ಪ್ರತಿ ಉಳಿಸುವ ಆಯ್ಕೆಯನ್ನು ಒಂದು ವರ್ಷಕ್ಕೆ ಇಟ್ಟಿದ್ದೇನೆ, ಎರಡು ತಿಂಗಳಿಗೊಮ್ಮೆ ಬೇರೊಂದು ಯುಎಸ್‌ಬಿ ಡಿಸ್ಕಿಗೂ ನಕಲು ಮಾಡಿ ಬೀರುವಿನಲ್ಲಿಡುತ್ತೇನೆ. ಆ 38 ಫೈಲ್‌ಗಳು ಈಗ ಮೂರು ಕಡೆ ಇವೆ. ಕೃಷ್ಣ ಸಂಧಾನದ ಎರಡನೇ ಕ್ಯಾಸೆಟ್ಟನ್ನು ಅಪ್ಪನಿಗೆ ಕಳೆದ ಭಾನುವಾರ ಕೇಳಿಸಿದೆ.